ವೈನಿ ಕಿತ್ತ ವೈರ್

ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಕುರ್ಚಿ ಇರುವುದು ದುಪಟ್ಟಾ ಹಾಕಲಿಕ್ಕೆ. ಅವರು ಕೂತದ್ದನ್ನು ಕಂಡವರು ಅಫಜಲಪುರದಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ! ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿಕೊಂಡು ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಮಾಳಿಗೆಗೆ ತಿರುಗುತ್ತ, ಬೇರೆಯವರು ಬರೆದ ಡ್ರೈವರ್ ಕೋಡ್ ತಪಾಸಣೆ ಮಾಡುವುದು ಅವರ ಕೆಲಸ. ಡ್ರೈವರ್ ಎಂದರೆ ಲಾರಿಯವನಲ್ಲ. ಕಂಪ್ಯೂಟರಿಗೆ ಜೋಡಿಸಿದ ಯಂತ್ರವನ್ನು ನಡೆಸುವ ಪ್ರೋಗ್ರಾಮು. ಅದರೊಳಗಿನ ಪಾಯಿಂಟರ್ ಎಂದರೆ, ಬೇಕಾದ ಮಾಹಿತಿ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ. ಆ ವಿಳಾಸ ತಪ್ಪಿದರೆ ಯಂತ್ರ ಕೆಡುವುದು ಆಮೇಲೆ, ವೈನಿಯ ತಲೆ ಮೊದಲು!

ಒಮ್ಮೆ ಬಸ್ಸಿನಲ್ಲಿ ಘತ್ತರಗಿಗೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೊರಟಿದ್ದೆವು. ಅರ್ಧ ದಾರಿಯಲ್ಲಿ ವೈನಿ ತಟ್ಟನೆ ಕೂಗಿದರು: "ಬಸ್ ನಿಲ್ಲಸ್ರಿ!"

ಕಂಡಕ್ಟರ್ ಗಾಬರಿಯಿಂದ ಓಡಿಬಂದ. "ಯಾಕ್ರಿ ಅಕ್ಕಾರ, ವಾಂತಿ ಬರಾಕತ್ತದೇನ್ರಿ?"

"ಇಲ್ರಿ, ಪಾಯಿಂಟರ್!"

"ಏನರ ಇರ್ಲಿ, ಖಿಡಕಿ ಹೊರಗ ಮಾಡ್ರಿ!"

ಇಂಥವರ ಕೈಗೆ ಕೊನೆಗೆ ನಾನೇ ಸಿಕ್ಕಿಬಿದ್ದೆ. ನನ್ನ ಮೊದಲ ನೌಕರಿ, ಹಸುಗೂಸುಗಳ ಉಸಿರು ಎಣಿಸುವ ಯಂತ್ರ ಮಾಡುವ ಸಣ್ಣ ಕಂಪನಿಯಲ್ಲಿ. ಅದಕ್ಕೆ ನಾನು ಬರೆದ ಡ್ರೈವರ್ ತಪಾಸಣೆಗೆ ಬಂದದ್ದು ಯಾರ ಹತ್ತಿರ? ವೈನಿಯ ಹತ್ತಿರ! ಪರೀಕ್ಷೆಯ ಯಂತ್ರ, ವೈರಿನ ತುದಿಗೆ ಕೂಸಿನಂತೆ ಉಸಿರಾಡುವ ಗೊಂಬೆಯ ಸಮೇತ, ನಮ್ಮ ಮನೆಯ ಮೇಜಿನ ಮೇಲೆಯೇ ಕೂತಿತು.

"ತಮ್ಮಾ, ಯಂತ್ರ ನಡದಾಗ ವೈರ್ ಕಿತ್ರ?"

"ಯಾರ್ ಕೀಳ್ತಾರ್ರಿ ವೈನಿ?"

"ನಾ ಕೀಳ್ತೇನಿ!"

ಕಿತ್ತೇಬಿಟ್ಟರು. ಪರದೆಯ ಮೇಲೆ ನಿಮಿಷಕ್ಕೆ ನಲವತ್ತು ಉಸಿರು ಎಂಬ ಅಂಕಿ ಹಾಗೇ ಇತ್ತು. ನಾನು ಎದೆಯುಬ್ಬಿಸಿ, "ನೋಡ್ರಿ, ನಿಂತೇ ಇಲ್ಲ!" ಎಂದೆ.

"ವೈರ್ ನನ್ನ ಕೈಯಾಗ ಅದ. ಹಂಗಾರ ಈ ಉಸಿರು ಯಾರ್ದು?"

ನನ್ನ ಉಸಿರೇ ನಿಂತಿತು. ಕೂಸಿನ ಉಸಿರು ನಿಂತರೂ ಯಂತ್ರ ನಲವತ್ತು ಎನ್ನುತ್ತಿದ್ದರೆ?

ಎರಡು ದಿನ ಸಾಲುಸಾಲು ಜಾಲಾಡಿದೆ. ವೈನಿ ನನ್ನ ಮೇಜಿನ ಸುತ್ತ ಗಾಣದ ಎತ್ತಿನಂತೆ ತಿರುಗಿದರು. ಕೊನೆಗೆ ಸಿಕ್ಕಿತು. ವೈರ್ ಕಿತ್ತಾಗ ಉಸಿರಿನ ಅಂಕಿ ಇಟ್ಟಿದ್ದ ಮೆಮೊರಿಯ ಜಾಗವನ್ನು ನನ್ನ ಕೋಡ್ ಬಿಟ್ಟುಕೊಡುತ್ತಿತ್ತು, ಪಾಯಿಂಟರನ್ನು ಅಳಿಸುತ್ತಿರಲಿಲ್ಲ. ಅದು ಹಳೆಯ ಜಾಗಕ್ಕೇ ಹೋಗಿ ಹಳೆಯ ಅಂಕಿ ಓದುತ್ತಿತ್ತು. ಸರಿಪಡಿಸಿದೆ. ವೈನಿ ಮತ್ತೆ ವೈರ್ ಕಿತ್ತರು, ಯಂತ್ರ ಕಿರುಚಿಕೊಂಡಿತು. ಅಷ್ಟು ಇಂಪಾದ ಕಿರುಚಾಟವನ್ನು ನಾನು ಕೇಳಿರಲಿಲ್ಲ!

ಆದರೆ ವೈನಿ ಬರೆದ ತಪಾಸಣೆಯ ವರದಿ ಕಂಪನಿಗೆ ಹೋಗಬೇಕಲ್ಲ? ನೌಕರಿ ಹೋಯಿತೆಂದೇ ತಿಳಿದು ಅದನ್ನು ತೆರೆದೆ. 'ದೋಷ ಪತ್ತೆ ಮಾಡಿದವರು' ಎಂಬಲ್ಲಿ ನನ್ನ ಹೆಸರಿತ್ತು.

"ವೈನಿ, ಹಿಡದವ್ರು ನೀವಲ್ರಿ?"

"ನಾ ಬರೇ ವೈರ್ ಕಿತ್ತೇನಿ. ಎಲ್ಲಿ ತಪ್ಪದ ಅಂತ ಹುಡುಕಿದಾಂವ ನೀ." ಕಿತ್ತ ವೈರನ್ನು ಸುತ್ತಿಡುತ್ತ ಮೆಲ್ಲಗೆ ಹೇಳಿದರು: "ನನ್ನ ಮೊದಲ್ನೇ ನೌಕರಿಯಾಗ ಹಿಂಗ ಒಂದು ತಪ್ಪಾಗಿತ್ತು ತಮ್ಮಾ. ಎಲ್ಲಾರ ಮುಂದ ಹೆಸರು ಹಿಡದು ಬೈದ್ರು. ಎಷ್ಟೋ ದಿನ ಅನ್ನ ಗಂಟಲಾಗ ಇಳೀಲಿಲ್ಲ."

"ಚಹಾ ಮಾಡ್ತೇನ್ರಿ ವೈನಿ" ಎಂದೆ. ಅಷ್ಟು ಹೇಳುವುದರೊಳಗೆ ನನ್ನ ದನಿ ಒಡೆದಿತ್ತು.