ಎದುರು ಮಾತಾಡಬಾರದ ಚರ್ಚಾ ಸ್ಪರ್ಧೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ಬಂಗಾರಪೇಟೆ ಪಕ್ಕದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಬೋರ್ಡಿನ ಮೇಲೆ ಬರೆದದ್ದು ಬಿಟ್ಟರೆ ಇದೇ ಮೊದಲು. ಎಲ್ಲವನ್ನೂ ಎರಡೆರಡು ಸಲ ವಿವರಿಸುವುದು ನನ್ನ ಕೆಲಸದಿಂದ ಅಂಟಿದ ಚಟ. ಓದಿ ನಗು ಬರದಿದ್ದರೆ ತಪ್ಪು ನನ್ನದು. ಕೋಪ ಬಂದರೆ ಮಾತ್ರ ನನ್ನದಲ್ಲ. ಮಕ್ಕಳ ಚರ್ಚಾ ಸ್ಪರ್ಧೆ ಎಂದು ಹೋದಲ್ಲೆಲ್ಲ ಇಂಥದ್ದು ಆಗುತ್ತಲೇ ಇರುತ್ತದೆ. ಹೋದ ವರ್ಷ ಒಂದು ವಿಜ್ಞಾನ ಸಂಘದವರು ನಡೆಸಿದ ಸ್ಪರ್ಧೆಯ ಮೂರು ಸುತ್ತುಗಳಲ್ಲಿ ಆದದ್ದನ್ನಷ್ಟೇ ಹೇಳುತ್ತೇನೆ.

ವಿರೋಧ ಬೇಡ ಸಾ

ಮೊದಲ ಸುತ್ತು ನಮ್ಮ ಶಾಲೆಯಲ್ಲೇ. ವಿಷಯ, ಭೂಮಿ ಬಿಸಿಯಾಗಲು ಶ್ರೀಮಂತ ದೇಶಗಳೇ ಕಾರಣ. ಕೆಲವರು ಪರ, ಕೆಲವರು ವಿರೋಧ ಮಾತಾಡಬೇಕು. ಪರ ಎಂದರೆ ವಿಷಯವನ್ನು ಒಪ್ಪುವವರು, ವಿರೋಧ ಎಂದರೆ ಒಪ್ಪದವರು. ಗೊತ್ತಿರುವವರು ಈ ಸಾಲು ಬಿಟ್ಟು ಓದಿ. ಒಬ್ಬ ಹುಡುಗನನ್ನು ವಿರೋಧಕ್ಕೆ ಹಾಕಿದೆ. ಮಾರನೆಯ ಬೆಳಗ್ಗೆ ಅವನ ಅಪ್ಪ ಗೇಟಿನ ಹತ್ತಿರ ನಿಂತಿದ್ದ.

"ಏನ್ ಸಾ, ನಮ್ ಉಡುಗನ್ನ ಯಾಕೆ ವಿರೋಧಕ್ಕೆ ಆಕಿದ್ದೀರಾ? ನಾವು ಯಾರ್ಗೂ ವಿರೋಧ ಇಲ್ಲ."

"ಇದು ಊರಿನ ವಿಷಯ ಅಲ್ಲಪ್ಪಾ, ಅಮೆರಿಕದ್ದು."

"ಅಮೆರಿಕದೋರು ನಮಗೇನ್ ಮಾಡವ್ರೆ ಸಾ?"

"ಅದನ್ನೇ ನಿನ್ನ ಮಗ ಹೇಳಬೇಕು ಕಣಪ್ಪಾ! ಅವರದ್ದೊಂದೇ ತಪ್ಪಲ್ಲ ಅಂತ!"

"ಅಂಗಾದ್ರೆ ಬ್ಯಾರೆಯೋರ ತಪ್ಪು ಏಳ್ಬೇಕಲ್ಲ? ಬ್ಯಾಡ ಸಾ, ಪರಕ್ಕೇ ಆಕ್ಬಿಡಿ."

ತಲೆ ಕೆಟ್ಟುಹೋಯಿತು. ಒಳಗೆ ಬಂದು ವಿರೋಧಕ್ಕೆ ಯಾರಿದ್ದೀರಿ ಎಂದು ಮಕ್ಕಳನ್ನು ಕೇಳಿದೆ. ಆಗ ಹತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, "ಆ ವಿರೋಧ ನಂಗ್ ಕೊಡಿ ಸಾ" ಎಂದಳು. ಅವಳ ಮನೆಯಲ್ಲಿ ಹಸು ಸಾಕಿ ಡೇರಿಗೆ ಹಾಲು ಹಾಕುತ್ತಾರೆ. ಅಪ್ಪ ಅವಳಿಗೊಂದು ಮಾತು ಕೊಟ್ಟಿದ್ದ: ಈ ಸ್ಪರ್ಧೆಯಲ್ಲಿ ಕೋಲಾರದವರೆಗೆ ಹೋದರೆ ಪಿಯುಸಿಗೆ ಸೈನ್ಸ್, ಇಲ್ಲದಿದ್ದರೆ ಓದು ಹತ್ತಕ್ಕೇ ಸಾಕು. ಮಗಳ ಓದನ್ನು ಪಂದ್ಯಕ್ಕೆ ಇಡುತ್ತಾರೆಯೇ? ನಾನು ಅವರ ಮನೆಗೇ ಹೋಗಿ ಅವನನ್ನೂ ಬೈದು ಬಂದೆ. ಅವನು ನನ್ನನ್ನು ಕೂರಿಸಿ ಲೋಟದ ತುಂಬ ಮಜ್ಜಿಗೆ ಕೊಟ್ಟು, "ಬೈಯ್ರಿ ಸಾ, ನೀವು ಮೇಷ್ಟ್ರು. ಕೋಲಾರ ಮಾತ್ರ ಕೋಲಾರಾನೇ" ಎಂದ.

ಚಂದ್ರನ ಟ್ಯಾಂಕರ್

ನಮ್ಮ ಶಾಲೆಯ ಸುತ್ತನ್ನು ಆ ಹುಡುಗಿಯೇ ಗೆದ್ದಳು. ಎರಡನೇ ಸುತ್ತು ಬಂಗಾರಪೇಟೆಯಲ್ಲಿ. ಬಾಹ್ಯಾಕಾಶ ಸಂಶೋಧನೆ ನಮಗೆ ಬೇಕೇ ಬೇಕು ಎಂಬುದು ವಿಷಯ. ಪರ ಮಾತಾಡಿದ ಹುಡುಗನೊಬ್ಬ, ಚಂದ್ರನಲ್ಲಿ ನೀರಿದೆ, ನಾಳೆ ಅಲ್ಲಿಂದಲೇ ತರಿಸಬಹುದು ಎಂದ. ನಮ್ಮ ಹುಡುಗಿ ಎದ್ದವಳೇ, "ನನ್ನ ಗೆಳೆಯರು ಈಗಷ್ಟೇ ಹೇಳಿದರು. ನಮ್ಮೂರಿಗೆ ಬಂಗಾರಪೇಟೆಯಿಂದ ಟ್ಯಾಂಕರ್ ಬರೋದೇ ಕಷ್ಟ. ಚಂದ್ರನಿಂದ ಬರೋ ಟ್ಯಾಂಕರ್‌ಗೆ ಡೀಸೆಲ್ ಯಾರು ಹಾಕಿಸ್ತಾರೆ?" ಎಂದಳು.

ಸಭೆಯೆಲ್ಲ ನಕ್ಕಿತು. ತೀರ್ಪುಗಾರರು ನಗಲಿಲ್ಲ. ಎರಡನೇ ಸ್ಥಾನ ಕೊಟ್ಟರು. ಮುಂದಿನ ಸುತ್ತಿಗೆ ಇಬ್ಬರಿಗೆ ಅವಕಾಶವಿದ್ದದ್ದರಿಂದ ಬಚಾವಾದಳು. ನಾನು ಸುಮ್ಮನಿರಲಾರದೆ ಹೋಗಿ ಕೇಳಿದೆ.

"ನೋಡಿ ಸಾರ್, ಒಬ್ಬರು ಹೇಳಿದ್ದನ್ನ ಎತ್ತಿಕೊಂಡು ಇನ್ನೊಬ್ಬರು ಮಾತಾಡಬಾರದು. ಇದು ಚರ್ಚಾ ಸ್ಪರ್ಧೆ, ನಲ್ಲಿ ಹತ್ತಿರದ ಜಗಳ ಅಲ್ಲ."

"ಉತ್ತರಾನೇ ಕೊಡಬಾರದು ಅಂದರೆ ಅದು ಚರ್ಚೆ ಹೇಗಾಗುತ್ತೆ ಸಾರ್?" ನನ್ನ ದನಿ ಏರಿತ್ತು.

ಹುಡುಗಿ ನನ್ನ ಅಂಗಿಯ ತೋಳು ಹಿಡಿದು ಎಳೆದಳು. "ಬನ್ನಿ ಸಾ, ನಿಮ್ ಮಾರ್ಕ್ಸೂ ಕಟ್ ಮಾಡ್ಬಿಡ್ತಾರೆ."

ನಡುವಿನಿಂದ ಹೇಳಿ

ಮೂರನೇ ಸುತ್ತು ಕೆಜಿಎಫ್‌ನ ಉರಿಗಾಂನಲ್ಲಿ. ಗೆದ್ದ ಒಬ್ಬರಿಗೆ ಕೋಲಾರ. ವಿಷಯ, ಕೃತಕ ಬುದ್ಧಿಮತ್ತೆಯಿಂದ ಮನುಷ್ಯನಿಗೆ ಒಳಿತೇ ಹೆಚ್ಚು. ವಿರೋಧಕ್ಕೆ ಯಥಾಪ್ರಕಾರ ನಮ್ಮವಳೊಬ್ಬಳೇ. ಪರದವರೆಲ್ಲರ ಭಾಷಣ ಒಂದೇ! ಒಂದೇ ತರಹದ್ದು ಎನ್ನುತ್ತಿಲ್ಲ, ಅಕ್ಷರಕ್ಷರ ಒಂದೇ. ಎಲ್ಲ ಶಾಲೆಯ ಮೇಷ್ಟ್ರುಗಳೂ ಮೊಬೈಲನ್ನು ಕೇಳಿದ್ದಾರೆ, ಅದು ಎಲ್ಲರಿಗೂ ಅದನ್ನೇ ಬರೆದುಕೊಟ್ಟಿದೆ. ಮೂರನೆಯ ಮಗು ಬರುವ ಹೊತ್ತಿಗೆ ಹಿಂದಿನ ಬೆಂಚಿನವರು ಜೊತೆಗೆ ಹೇಳತೊಡಗಿದ್ದರು. ನನಗೆ ಸಿಟ್ಟು ಮಕ್ಕಳ ಮೇಲಲ್ಲ, ಖಂಡಿತ ಅಲ್ಲ.

ಪರದವರಿಗೆಲ್ಲ ಸಮಾನ ಅಂಕ. ನಮ್ಮವಳಿಗೆ ಕಡಿಮೆ. ಇಲ್ಲಿನ ತೀರ್ಪುಗಾರರು ಕಾರಣವನ್ನೂ ಹೇಳಿದರು: "ಉಳಿದವರೆಲ್ಲ ಹೇಳಿದ ಒಂದು ಅಂಶವೂ ಈ ಹುಡುಗಿಯ ಮಾತಿನಲ್ಲಿ ಇಲ್ಲ."

ಅವಳು ಮುಖ ಸಣ್ಣದು ಮಾಡಿಕೊಂಡು ಕೂತಳು. ನನಗೆ ಅವಳ ಅಪ್ಪನ ಮಜ್ಜಿಗೆ ಲೋಟವನ್ನು ಎತ್ತಿ ಎಸೆಯಬೇಕಿತ್ತು ಎನ್ನಿಸಿತು.

ಸಮಾನ ಬಂದವರಲ್ಲಿ ಒಬ್ಬರನ್ನು ಆರಿಸಬೇಕಲ್ಲ? ಅಷ್ಟರಲ್ಲಿ ವ್ಯವಸ್ಥಾಪಕರು ಬಂದು, "ಬೇಗ ಸಾರ್, ಸಾಪಾಡು ತಣ್ಣಗಾಗ್ತಾ ಇದೆ" ಎಂದರು. ಊಟದ ಹೆಸರು ಕೇಳಿದ ತೀರ್ಪುಗಾರರಿಗೆ ಅವಸರವಾಯಿತು. "ವಂದನೆಗಿಂದನೆ ಬೇಡ. ಎಲ್ಲರೂ ನಿಮ್ಮ ಭಾಷಣದ ನಡುವಿನಿಂದ ನಾಲ್ಕು ಮಾತು ಹೇಳಿ ಸಾಕು."

ಮೊದಲ ಮಗು ಮೈಕ್ ಹಿಡಿಯಿತು. "ವೇದಿಕೆಯ ಮೇಲೆ ಆಸೀನರಾಗಿರುವ..."

"ನಡುವಿನಿಂದಮ್ಮಾ!"

ಮಗು ಕಣ್ಣು ಮುಚ್ಚಿತು, ತೆರೆಯಿತು. "ವೇದಿಕೆಯ ಮೇಲೆ..."

ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಬಾಯಿಪಾಠ ಎಂದರೆ ಹಳೇ ಪಂಪ್‌ಸೆಟ್ ಇದ್ದಂತೆ, ಮೊದಲು ಮೇಲಿಂದ ನೀರು ಹೊಯ್ಯದೆ ಎತ್ತುವುದಿಲ್ಲ. ಒಬ್ಬರಿಗೂ ನಡು ಸಿಗಲಿಲ್ಲ. ತೀರ್ಪುಗಾರರು ಬೆವರು ಒರೆಸಿಕೊಂಡು ನಮ್ಮವಳನ್ನು ಕರೆದರು.

"ನಡುವಿಂದ್ಲೇ ಏಳ್ಲಾ ಸಾ, ಕೊನೆಯಿಂದ್ಲಾ?" ಎಂದು ಕೇಳಿ, ಆರಾಮಾಗಿ ಹೇಳಿ ಬಂದಳು.

"ಬೇರೆ ದಾರಿ ಇಲ್ಲದ ಕಾರಣ" ಎಂದು ಮೈಕಿನಲ್ಲೇ ಹೇಳಿ ಅವಳನ್ನು ಗೆಲ್ಲಿಸಿದರು. ಅವಳು ನನ್ನ ಫೋನಿನಲ್ಲಿ, "ಅಪ್ಪಾ, ಕೋಲಾರ! ಇನ್ ಸೈನ್ಸೇ ನೋಡು, ಮಾತ್ ತಪ್ಪಂಗಿಲ್ಲ" ಎಂದು ಕೂಗುತ್ತಿರುವಾಗ ತೀರ್ಪುಗಾರರು ಬಂದು ಅವಳ ಮುಂದೆ ಒಂದು ಹಾಳೆ ಚಾಚಿದರು. ಅದೇ ಭಾಷಣ!

"ಕೋಲಾರದಲ್ಲೂ ವಿಷಯ ಇದೇ. ಅಲ್ಲಾದರೂ ಸ್ವಂತದ್ದು ಬೇಡಮ್ಮಾ, ಇದನ್ನ ಬಾಯಿಪಾಠ ಮಾಡು."

ನಾನು ಬಾಯಿ ತೆರೆಯುವ ಮೊದಲೇ ಅವಳು ಎರಡೂ ಕೈಯಲ್ಲಿ ಹಾಳೆ ಇಸಿದುಕೊಂಡಳು.

"ಕೊಡಿ ಸಾ, ಒಳ್ಳೇದೇ ಆಯ್ತು. ಅಲ್ಲಿ ನನ್ ಎದುರು ಮಾತಾಡೋರೆಲ್ಲ ಏನ್ ಏಳ್ತಾರೆ ಅಂತ ಈಗ್ಲೇ ಗೊತ್ತಾಯ್ತಲ್ಲ."

ಇದರಲ್ಲಿ ನಗುವ ವಿಷಯ ಏನೆಂದರೆ, ಎದುರು ಮಾತಾಡುವವರು ಎಂದರೆ ಪರದವರು, ಅವರ ಮೇಷ್ಟ್ರುಗಳ ಹತ್ತಿರವೂ ಮೊಬೈಲ್ ಇರುತ್ತದೆ, ಮೊಬೈಲ್ ಕೋಲಾರಕ್ಕೆ ಹೋದರೂ ಬೇರೆ ಭಾಷಣ ಕೊಡುವುದಿಲ್ಲ, ಹಾಗಾಗಿ ಆ ತೀರ್ಪುಗಾರರು ತಮ್ಮ ಕೈಯಾರೆ... ತಡೆಯಿರಿ, ಹೆಡ್‌ಮಾಸ್ಟರು ಕರೆಯುತ್ತಿದ್ದಾರೆ. ನಾಳೆ ಅವರದ್ದು ಎಲ್ಲೋ ಭಾಷಣವಂತೆ, ನನ್ನ ಮೊಬೈಲ್ ತೆಗೆದುಕೊಂಡು ಬೇಗ ಬರಬೇಕಂತೆ.