ಕಪಾಟಿಗೆ ಬಳಿದ ಖಡುವಿನ ಬಣ್ಣ

ಹೊಸ ಸಾಮಾನು ಕೊಳ್ಳುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಅಂಗಡಿಗೆ ಹೋಗಿ ಬೆರಳು ಮಾಡಿ ತೋರಿಸಿ, ಟೆಂಪೋದಲ್ಲಿ ಹಾಕಿಸಿಕೊಂಡು ಬರುವುದರಲ್ಲಿ ಏನು ಹೆಚ್ಚುಗಾರಿಕೆ? ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಮಂದಿ ಬಳಸಿ ಬಿಟ್ಟದ್ದನ್ನು ತಂದು, ತೊಳೆದು, ಬಣ್ಣ ಹಚ್ಚಿ, 'ಇದು ಹೊಸದೇ' ಎಂದು ಮನೆಯವರ ಮುಂದೆ ನಿಲ್ಲಿಸುವುದಿದೆಯಲ್ಲ, ಅದಕ್ಕೆ ಗುಂಡಿಗೆ ಬೇಕು. ನನ್ನ ಹೆಂಡತಿ ಸುವರ್ಣಾ ಇದನ್ನು ಜಿಪುಣತನ ಎನ್ನುತ್ತಾಳೆ. ನಾನು ಕಲೆ ಎನ್ನುತ್ತೇನೆ. ಇಪ್ಪತ್ತಾರು ವರ್ಷಗಳಿಂದ ನಮ್ಮ ಮನೆಯಲ್ಲಿ ಕಲೆಯೇ ಗೆಲ್ಲುತ್ತ ಬಂದಿದೆ, ಏಕೆಂದರೆ ಪಗಾರ ನನ್ನ ಕೈಗೆ ಬರುತ್ತದೆ.

ಕಲೆಯ ಮಾತನ್ನು ಸುಮ್ಮನೆ ಆಡುತ್ತಿಲ್ಲ. ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಮಾವಿನಹಣ್ಣು ಬಿಡಿಸಿರಿ ಎಂದರೆ ಬದನೆಕಾಯಿ ಬಿಡಿಸುವ ಅಪ್ಪಂದಿರಿಗೂ ಕಲಿಸಿದ್ದೇನೆ, ಈಗ ಅವರ ಮಕ್ಕಳಿಗೂ ಕಲಿಸುತ್ತಿದ್ದೇನೆ. ಬದನೆಕಾಯಿ ಮಾತ್ರ ಹಾಗೇ ಇದೆ. ಆದರೆ ಊರಲ್ಲಿ ನನ್ನ ಹೆಸರು ಬಿದ್ದದ್ದು ಚಿತ್ರಕ್ಕಲ್ಲ, ಅಕ್ಷರಕ್ಕೆ. ನಮ್ಮ ಕಡೆ ಮಗಳ ಲಗ್ನದಲ್ಲಿ ತಂದೆಯಾದವನು ಪಾತ್ರೆ-ಪಗಡ, ಮಂಚ, ಕಪಾಟು ಕೊಡುತ್ತಾನೆ, ಕೊಟ್ಟದ್ದರ ಮೇಲೆಲ್ಲ ಹೆಸರು ಹಾಕಿಸುತ್ತಾನೆ. ಪಾತ್ರೆಯ ಮೇಲೆ ಕೊರೆಯುವವರು ಬೇರೆ. ಕಪಾಟಿನ ನೆತ್ತಿಪಟ್ಟಿಯ ಮೇಲೆ ಕೆಂಪು ಎಣ್ಣೆಬಣ್ಣದಲ್ಲಿ ಬರೆಯುವುದಕ್ಕೆ, ಲಗ್ನದ ಸುಗ್ಗಿಯಲ್ಲಿ, ಗದಗಿನ ಅಂಗಡಿಯವರು ನನಗೇ ಹೇಳಿಕಳಿಸುತ್ತಿದ್ದರು. ಈಗ ಸ್ಟಿಕರ್ ಬಂದು ಆ ವಿದ್ಯೆಗೆ ಮಣ್ಣು ಬಿದ್ದಿದೆ. ಆಗ ಮಾತ್ರ ಹೊಂಬಳ, ಕಳಸಾಪುರದ ಎಷ್ಟೋ ಮದುಮಕ್ಕಳು ನನ್ನ ಅಕ್ಷರವನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡೇ ಗಂಡನ ಮನೆಗೆ ಹೋದರು.

ಇಂಥ ಕಲಾವಿದನ ಹೆಂಡತಿ ತನ್ನ ಸೀರೆಗಳನ್ನು ಇಡುತ್ತಿದ್ದದ್ದು ಒಂದು ತಗಡಿನ ಟ್ರಂಕಿನಲ್ಲಿ. ಹೋದ ವರ್ಷ ಅದರ ಮುಚ್ಚಳ ಧಡಕ್ಕನೆ ಆಕೆಯ ಬೆರಳ ಮೇಲೆ ಬಿತ್ತು. ಉಗುರು ಕಪ್ಪಾಯಿತು. ಕೈಗೆ ಬಟ್ಟೆ ಸುತ್ತಿಕೊಂಡು ಬಂದು ನನ್ನೆದುರು ನಿಂತಳು. 'ನೋಡ್ರಿ, ನನಗೊಂದು ಕಪಾಟ ಬೇಕು. ಮನಿಗಂತ ಅಲ್ಲ, ನನಗ. ನನ್ನ ಅರಿವಿ ಅದರಾಗ ಇರಬೇಕು, ಕೀಲಿ ನನ್ನ ಕಡೆ ಇರಬೇಕು. ಇಷ್ಟ ದಿನದಾಗ ನಾ ಏನರ ಬೇಡೇನೇನು?' ಬೇಡಿರಲಿಲ್ಲ. ಖರೆ ಹೇಳಬೇಕೆಂದರೆ ಅದೇ ನನಗೆ ಭಯ ಹುಟ್ಟಿಸಿದ್ದು. ದಿನಾ ಜಗಳಾಡುವ ಹೆಂಗಸು ಏನು ಬೇಡಿದರೂ ನಗುತ್ತ ತಳ್ಳಿಹಾಕಬಹುದು. ಒಂದೇ ಸಲ ಬೇಡುವವಳ ಮುಂದೆ ಗಂಡಸಿನ ಜಾಣತನ ನಡೆಯುವುದಿಲ್ಲ.

ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಇಲ್ಲಿಯತನಕ ಯಾರಿಗೂ ಹೇಳಿಲ್ಲ, ಹೇಳುವಂಥದ್ದೂ ಅಲ್ಲ. ಸುವರ್ಣಾ ಮುಂಡರಗಿಯವಳು. ಲಗ್ನದಲ್ಲಿ ಮಾವನವರು ಆಕೆಗೆ ಸಾಗವಾನಿ ಕಪಾಟು ಕೊಟ್ಟಿದ್ದರು, ಮೇಲೆ ಆಕೆಯ ಹೆಸರು ಬರೆಸಿದ್ದರು. ಎರಡು ವರ್ಷ ಅದು ನಮ್ಮ ಮನೆಯಲ್ಲಿತ್ತು. ಆಮೇಲೆ ನನ್ನ ತಂಗಿ ಕಸ್ತೂರಿಯನ್ನು ಶಿರಹಟ್ಟಿಗೆ ಕೊಡುವುದೆಂದಾಯಿತು. ಅವ್ವ ಒಂದು ದಿನ ಪಡಸಾಲೆಯಲ್ಲಿ ಕುಳಿತು, 'ಹೆಂಗೂ ಮನ್ಯಾಗ ಕಪಾಟ ಐತಲ್ಲೋ, ಮತ್ತೊಂದು ಯಾಕ? ಹೆಸರು ಕೆರದು ಬಣ್ಣಾ ಹಚ್ಚಿದ್ರ ಹೊಸಾದ ಆತು. ನಿನ್ನ ಕೈಯಾಗ ಕಲಾ ಐತಿ. ಸುವರ್ಣಾಗ ಮುಂದ ಒಂದು ಕೊಡಸಿದ್ರಾತು' ಎಂದಳು. ಕಲೆಯ ಹೆಸರು ತೆಗೆದರೆ ನನಗೆ ಕಣ್ಣು ಕಾಣಿಸುವುದಿಲ್ಲ. ಪಾಲಿಶ್ ಕಾಗದ ತೆಗೆದುಕೊಂಡು ಸುವರ್ಣಾಳನ್ನು ಕೆರೆದೆ, ಕಸ್ತೂರಿಯನ್ನು ಬರೆದೆ. ಲಗ್ನಕ್ಕೆ ಬಂದವರೆಲ್ಲ ಅಕ್ಷರ ನೋಡಿ ಭೇಷ್ ಎಂದರು. ಸುವರ್ಣಾ ಸೀರೆಗಳನ್ನು ಒಂದೊಂದಾಗಿ ತೆಗೆದು ಟ್ರಂಕಿನಲ್ಲಿಟ್ಟಳು, ಒಂದು ಮಾತೂ ಆಡಲಿಲ್ಲ. ಮಾತಾಡಲಿಲ್ಲವಾದ್ದರಿಂದ ಆಕೆಗೆ ಬೇಜಾರಿಲ್ಲ ಎಂದು ನಾನು ತಿಳಿದುಕೊಂಡೆ. ಹಾಗೆ ತಿಳಿದುಕೊಳ್ಳುವುದು ಬಹಳ ಸೋವಿ. ಅವ್ವ ಹೇಳಿದ 'ಮುಂದ' ಅನ್ನುವುದು ಅವ್ವ ಹೋದ ಮೇಲೂ ಬರಲಿಲ್ಲ.

ಈಗಲಾದರೂ ನೆಟ್ಟಗೆ ಅಂಗಡಿಗೆ ಹೋಗಿ ಹೊಸದೊಂದು ತರಬೇಕಿತ್ತು. ತಂದೆನೇನು? ಹುಟ್ಟುಗುಣ ಸುಟ್ಟರೂ ಹೋಗದು. 'ಹೊಸಾವೆಲ್ಲಾ ಹೊಟ್ಟಿನ ಹಲಗಿ. ನೀರು ಬಿದ್ರ ಹಪ್ಪಳಾಗತಾವು' ಎಂದು ಆಕೆಗೊಂದು ಭಾಷಣ ಬಿಗಿದು, ಗದಗಿನ ಹಳೇ ಸಾಮಾನಿನ ಅಂಗಡಿಗೆ ಹೋದೆ. ಹಿಂದಿನ ಮೂಲೆಯಲ್ಲಿ ಒಂದು ಕಪಾಟು ಗೋಡೆಗೆ ಆನಿಕೊಂಡು ನಿಂತಿತ್ತು. ಯಾರ ಅಡಿಗೆಮನೆಯಲ್ಲಿತ್ತೋ, ಮೈತುಂಬ ಹೊಗೆಯ ಜಿಡ್ಡು, ಅದರ ಮೇಲೆ ಅಂಗಡಿಯವನು ಅವಸರದಲ್ಲಿ ಎಳೆದ ತೆಳ್ಳನೆಯ ಕಂದುಬಣ್ಣ. 'ಅಸಲಿ ಸಾಗವಾನಿ ಐತ್ರಿ ಸರ. ಆನಿ ಹತ್ತಿ ನಿಂತ್ರೂ ಏನೂ ಆಗಂಗಿಲ್ಲ' ಎಂದ. ನಮ್ಮ ಮನೆಗೆ ಆನೆ ಬರುವ ರೂಢಿಯಿಲ್ಲ, ಆದರೂ ಧೈರ್ಯವಾಯಿತು. ನೆತ್ತಿಪಟ್ಟಿಯ ಮೇಲೆ ಏನೋ ಬರೆದಂತೆ ಮಸುಕಾಗಿ ಕಂಡಿತು. ಚಷ್ಮಾ ತಂದಿರಲಿಲ್ಲ. ಹಳೇ ಸಾಮಾನಿನ ಮೇಲೆ ಯಾರದಾದರೂ ಹೆಸರು ಇದ್ದೇ ಇರುತ್ತದೆ, ಅದನ್ನೆಲ್ಲ ಓದುತ್ತ ಕುಳಿತರೆ ವ್ಯಾಪಾರ ಆಗುವುದಿಲ್ಲ.

ಬಣ್ಣದ ವಿಚಾರವನ್ನು ಮೊಬೈಲು ಕಲಿಸಿತು. ಚಾಕ್ ಪೇಂಟ್ ಎನ್ನುವುದು ಈಗಿನ ಫ್ಯಾಶನ್ನು. ಬಿಳಿಯ ಹೆಂಗಸೊಬ್ಬಳು ಬಿಳಿಯ ಅಂಗಿ ತೊಟ್ಟು, ಹಳೇ ಮೇಜಿಗೆ ಕುಂಚವಾಡಿಸಿ, ಮೂರು ನಿಮಿಷದಲ್ಲಿ ಅದನ್ನು ಅರಮನೆಯ ಸಾಮಾನು ಮಾಡುತ್ತಾಳೆ. ಅಂಗಿಗೆ ಒಂದು ಹನಿ ಸಿಡಿಯುವುದಿಲ್ಲ. ಕೆರೆಯುವುದು ಬೇಡ, ಉಜ್ಜುವುದು ಬೇಡ, ಇದ್ದದ್ದರ ಮೇಲೆ ನೇರವಾಗಿ ಬಳಿದರಾಯಿತು ಎಂದು ಆಕೆ ಹೇಳಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಕೆರೆಯುವ ಕೆಲಸ ನನಗೆ ಒಗ್ಗದು, ಹಿಂದೊಮ್ಮೆ ಮಾಡಿದ್ದೇ ಸಾಕಾಗಿತ್ತು. ಡಬ್ಬಿಯಲ್ಲಿ ಬರುವ ಆ ಬಣ್ಣ ಗದಗಿನಲ್ಲಿ ಸಿಗಲಿಲ್ಲ. ಸಿಕ್ಕಿದ್ದರೂ ನಾನು ಕೊಳ್ಳುತ್ತಿರಲಿಲ್ಲ. ಚಾಕ್ ಎಂದರೆ ನಮ್ಮ ಖಡು, ಕರಿಹಲಗೆಯ ಮೇಲೆ ಬರೆಯುವ ಬಳಪ. ಖಡುವಿನ ನಡುವೆಯೇ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ ನಾನು. ಸ್ಟಾಫ್ ರೂಮಿನ ಡಬ್ಬಿಯಲ್ಲಿ ಬಿದ್ದಿದ್ದ ತುಂಡುಗಳನ್ನೆಲ್ಲ ಕಿಸೆ ತುಂಬ ತಂದು, ಸುವರ್ಣಾ ಶೇಂಗಾ ಚಟ್ನಿ ಕುಟ್ಟುವ ಕಲ್ಲಿನಲ್ಲಿ ಹಾಕಿ ಕುಟ್ಟಿ, ಸೋಸಿ, ಕೆನೆಬಣ್ಣದ ನೀರಿನ ಪೇಂಟಿಗೆ ಕಲಸಿದೆ. ಮುಂದಿನ ಒಂದು ವಾರ ಚಟ್ನಿಯಲ್ಲಿ ಒಂಬತ್ತನೆಯ ಇಯತ್ತೆಯ ರುಚಿ ಬರುತ್ತಿತ್ತು. ಕೆನೆಬಣ್ಣವೇ ಯಾಕೆ? ನನಗೆ ಅದು ಸೇರುತ್ತದೆ. ಯಾವ ಬಣ್ಣ ಬೇಕೆಂದು ಆಕೆಯನ್ನು ಕೇಳಿದೆನೇ ಎಂದು ನೀವು ಕೇಳಬೇಡಿರಿ.

ಅಂಗಳದಲ್ಲಿಟ್ಟು ಮೊದಲ ಕೋಟು ಬಳಿದೆ. ಆಷಾಢದಲ್ಲಿ ಗದಗಿನ ಗಾಳಿ ಹೇಗಿರುತ್ತದೆಂದು ಆ ಬಿಳಿಯ ಹೆಂಗಸಿಗೆ ಗೊತ್ತಿಲ್ಲ. ಓಣಿಯ ಮಣ್ಣು, ಮಗ್ಗದ ಮನೆಗಳ ನೂಲಿನ ತುಣುಕು, ಒಂದು ನೊಣ, ಎಲ್ಲವೂ ಬಂದು ಹಸಿ ಬಣ್ಣಕ್ಕೆ ಅಂಟಿಕೊಂಡವು. ಅದೂ ಒಂದು ಶೈಲಿ ಎಂದು ಕಪಾಟನ್ನು ಒಳಗೆಳೆದುಕೊಂಡೆ. ನನ್ನನ್ನು ಚುಚ್ಚಿದ್ದು ಬೇರೆಯದೇ. ನಮ್ಮ ಮನೆಗೆ ಏನೇ ಬರಲಿ, ಮಿಕ್ಸರ್ ಬರಲಿ, ಸೈಕಲ್ಲು ಬರಲಿ, ಸುವರ್ಣಾ ಅರಿಷಿಣ-ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆಯುತ್ತಾಳೆ. ಆಮೇಲೆಯೇ ಅದು ಮನೆಯದಾಗುತ್ತದೆ. ಈ ಕಪಾಟು ಬಂದು ಮೂರು ದಿನವಾದರೂ ಆಕೆ ಕುಂಕುಮದ ಬಟ್ಟಲು ಮುಟ್ಟಿರಲಿಲ್ಲ. 'ಯಾಕ, ಪೂಜಿ ಇಲ್ಲೇನು?' ಎಂದರೆ, 'ಮೊದಲ ಆಗ್ಲಿ ಬಿಡ್ರಿ' ಎಂದಳು. ಏನು ಆಗಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆದದ್ದು ಇದು. ಮೊದಲ ಕೋಟು ಒಣಗಿದ ಮೇಲೆ ನೆತ್ತಿಪಟ್ಟಿಯಲ್ಲಿ ಗುಲಾಬಿ ಬಣ್ಣದ ಕಲೆ ಮೂಡಿತು. ಖಡು ಕಡಿಮೆಯಾಗಿರಬೇಕೆಂದು ಇನ್ನಷ್ಟು ಕುಟ್ಟಿ ಎರಡನೆಯದು ಬಳಿದೆ. ಕಲೆ ಗೆರೆಯಾಯಿತು. ಮೂರನೆಯದಕ್ಕೆ ಗೆರೆಗೆ ತಲೆಕಟ್ಟು ಬಂತು. ನಾಲ್ಕನೆಯ ಕೋಟು ಬಳಿದ ಮರುದಿನ, ಬೆಳಗಿನ ಬಿಸಿಲಿನಲ್ಲಿ, ಚಷ್ಮಾ ಇಲ್ಲದೆಯೂ ಓದಬಹುದಿತ್ತು: 'ಚಿ. ಸೌ. ನಿರ್ಮಲಾಳಿಗೆ ತಂದೆಯ ಆಶೀರ್ವಾದ'. ಆ 'ಲ'ದ ಬಾಲವನ್ನು ಹಾಗೆ ಬಳಕಿಸುವ ಕೈ ಈ ಊರಲ್ಲಿ ಒಂದೇ ಇದೆ. ನನ್ನದು. ಯಾವ ನಿರ್ಮಲಾ, ಯಾವ ಊರಿನವಳು, ಒಂದೂ ನೆನಪಿಲ್ಲ, ಯಾಕೆ ಆಕೆಯ ಕಪಾಟು ಗುಜರಿಗೆ ಬಂತೋ ಅದೂ ಗೊತ್ತಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ನನಗೆ ಆದದ್ದು ಹೆಮ್ಮೆ. ಇಷ್ಟು ವರ್ಷದ ಹೊಗೆ ತಿಂದೂ ಅಕ್ಷರ ಒಂದು ಕೂದಲೆಳೆ ಅಲುಗಿರಲಿಲ್ಲ.

ಬಣ್ಣದ ಅಂಗಡಿಯವನನ್ನು ಕೇಳಿದೆ. ಅವನು ಹಣೆ ಬಡಿದುಕೊಂಡ. 'ಏನ್ರಿ ಸರ, ನೀವ ಹಿಂಗ ಮಾಡಿದ್ರ ಹೆಂಗ? ಹಳೇ ಕೆಂಪು ಎಣ್ಣಿಬಣ್ಣದ ಮ್ಯಾಲ ನೀರಿನ ಬಣ್ಣಾ ಹಚ್ಚಿದ್ರ ಅದು ಒಳಗಿಂದ ಮ್ಯಾಲ ಬರ್ತೈತ್ರಿ. ಪೂರಾ ಕೆರದ ಹಚ್ಚಬೇಕು' ಎಂದು ಪಾಲಿಶ್ ಕಾಗದ ಕೊಟ್ಟ. ಮನೆಗೆ ಬಂದು, ಸ್ಟೂಲು ಹತ್ತಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಇನ್ನೇನು ಕೆರೆಯಬೇಕು, ಅಡಿಗೆಮನೆಯ ಬಾಗಿಲಲ್ಲಿ ಸುವರ್ಣಾ ಬಂದು ನಿಂತಳು.

'ಕೆರಿಬ್ಯಾಡ್ರಿ' ಎಂದಳು.

'ಮಂದಿ ಹೆಸರು ಹಣಿ ಮ್ಯಾಲ ಇಟ್ಕೊಂಡು ಕುಂಡ್ರೂದೇನು?'

'ಆಕಿ ಅಪ್ಪ ಬರಸ್ಯಾನ, ಇರ್ಲಿ. ನಾಕು ಸಲ ಬಳದ್ರೂ ಆಕಿ ಹೋಗವಲ್ಲಳು. ನಂದು ಅರ್ಧಾ ತಾಸಿನ್ಯಾಗ ಹೋಗಿತ್ತು. ಇಲ್ಲೇ ನಿಂತು ನೋಡೇನಿ.'

'ಅವತ್ತು ಅವ್ವ ಹೇಳಿದ್ಲು, ಅದಕ್ಕ...'

'ಅತ್ತಿ ಹೇಳಿದ್ರು, ಖರೆ. ಕೆರದಾವ್ರು ಯಾರು?'

ಸ್ಟೂಲಿನ ಮೇಲೆ ನಿಂತ ಗಂಡಸಿಗೆ ಇಂಥ ಪ್ರಶ್ನೆ ಕೇಳಬಾರದು. ಇಳಿದರೆ ಸೋತಂತೆ, ನಿಂತರೆ ಮೂರ್ಖನಂತೆ. ಇಷ್ಟು ವರ್ಷ ಆಕೆ ಮರೆತಿದ್ದಾಳೆ ಎಂದುಕೊಂಡಿದ್ದೆ. ಆಕೆ ಮರೆತಿರಲಿಲ್ಲ, ಕೇಳಿದರೆ ಪ್ರಯೋಜನವಿಲ್ಲ ಎಂದು ಬಿಟ್ಟಿದ್ದಳು. ಅದು ಹೊಳೆದಾಗ ಪಾಲಿಶ್ ಕಾಗದವನ್ನು ಕಿಸೆಗೆ ತುರುಕಿದೆ. ಕೊನೆಗೆ ಇಳಿದೆ. 'ಹಂಗಾದ್ರ ಇದರ ಬಾಜೂಕ ನಿನ್ನ ಹೆಸರು ಬರೀತೀನಿ. ಇದಕ್ಕಿಂತ ದೊಡ್ಡ ಅಕ್ಷರದಾಗ' ಎಂದೆ.

ಸುವರ್ಣಾ ನಕ್ಕಳು. ಜಗಳಾಡಿದ್ದರೆ ಚೆನ್ನಾಗಿತ್ತು. 'ಬ್ಯಾಡ್ರಿ. ನಾಳಿ ಮತ್ತ ಯಾರದರ ಲಗ್ನಾ ಬಂದ್ರ, ಅಳಸೂ ತ್ರಾಸು ನಿಮಗ ಯಾಕ?' ಎಂದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ದಿನ ರೊಟ್ಟಿಗಳು ಬಹಳ ತೆಳ್ಳಗೆ ಬಂದಿದ್ದವು.

ನಾನೂ ಸುಮ್ಮನೆ ಕೂಡಲಿಲ್ಲ. ಶಿರಹಟ್ಟಿಗೆ ಫೋನು ಮಾಡಿ, ಆ ಹಳೇ ಕಪಾಟು ವಾಪಸು ಕೊಡುತ್ತೀಯೇನು ಎಂದು ಕಸ್ತೂರಿಯನ್ನು ಕೇಳಿದೆ. ಆಕೆ ಬಿದ್ದು ಬಿದ್ದು ನಕ್ಕಳು. 'ಅಣ್ಣಾ, ನಿನಗ ತಲಿಗಿಲಿ ಕೆಟ್ಟೈತೇನೋ? ಅದಕ್ಕ ಹುಳಾ ಬಿದ್ದು, ಒಡದು ಒಲಿಗೆ ಹಾಕಿ ಯಾವ ಕಾಲ ಆತು! ವೈನಿ ಆರಾಮದಾಳಿಲ್ಲೋ?' ಸುವರ್ಣಾ ಆರಾಮಿದ್ದಾಳೆ ಎಂದು ಫೋನು ಇಟ್ಟೆ. ಹೊಸ ಕಪಾಟು ತರುತ್ತೇನೆ, ಅಂಗಡಿಗೆ ನೀನೇ ಬಾ, ಬಣ್ಣ ನೀನೇ ಆರಿಸು ಎಂದು ಸುವರ್ಣಾಳಿಗೂ ಹೇಳಿದೆ. 'ಈಗ ಯಾಕ ಬಿಡ್ರಿ, ಟ್ರಂಕಿನ ಕೊಂಡಿ ರಿಪೇರಿ ಮಾಡಿಸೇನಿ' ಎಂದಳು. ಮಾಡಿಸಿದ್ದಳು. ಕೀಲಿಯೂ ಹಾಕಿದ್ದಳು, ಕೀಲಿ ಆಕೆಯ ಸೊಂಟದಲ್ಲಿತ್ತು.

ಹೀಗಾಗಿ ಕಪಾಟಿನಲ್ಲಿ ಈಗ ನನ್ನ ಅಂಗಿಗಳಿವೆ. ಖಡುವಿನ ಬಣ್ಣದ ಮೇಲೆ ಮೇಣ ತಿಕ್ಕಬೇಕಂತೆ, ಆ ಭಾಗ ಬರುವ ಮೊದಲೇ ನಾನು ವೀಡಿಯೋ ನಿಲ್ಲಿಸಿದ್ದೆ. ಬಾಗಿಲು ತೆರೆದಾಗಲೆಲ್ಲ ಭುಜಕ್ಕೆ, ಬೆನ್ನಿಗೆ ಬಿಳಿ ಮೆತ್ತಿಕೊಳ್ಳುತ್ತದೆ. ಹುಡುಗರು, 'ಸರ, ಬೆನ್ನಿಗೆ ಖಡು' ಎನ್ನುತ್ತಾರೆ. ಡ್ರಾಯಿಂಗ್ ಮಾಸ್ತರನ ಬೆನ್ನಿಗೆ ಖಡು ಇರದೆ ಕಸ್ತೂರಿ ಇರುತ್ತದೇನು ಎಂದು ಗದರುತ್ತೇನೆ.

ಮೊನ್ನೆ ಲಕ್ಷ್ಮೇಶ್ವರದಿಂದ ಬಂದು ಹೋಗಿ ಮಾಡುವ ನಮ್ಮ ವಿಜ್ಞಾನದ ಮಾಸ್ತರರು ಚಹಾಕ್ಕೆ ಬಂದಿದ್ದರು. ಕಪಾಟನ್ನು ಬಹಳ ಹೊತ್ತು ನೋಡಿದರು. 'ಅಕ್ಷರ ಅಂದ್ರ ಅಕ್ಷರ ನೋಡ್ರಿ ಸರ! ನಿರ್ಮಲಾ ಅಂದ್ರ ನಿಮ್ಮ ಮನಿಯವ್ರ ಹೆಸರೇನ್ರಿ?' ನಾನು ಬಾಯಿ ತೆರೆಯುವ ಮೊದಲೇ ಸುವರ್ಣಾ ಕಪ್ಪು ಕೆಳಗಿಟ್ಟು, 'ಅಲ್ರಿ. ನನ್ನ ಹೆಸರು ಗ್ಯಾಸಿನ ಬುಕ್ಕಿನ್ಯಾಗ ಐತಿ' ಎಂದಳು. ಮಾಸ್ತರರು ದೊಡ್ಡದಾಗಿ ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ಗ್ಯಾಸಿನ ಬುಕ್ಕು ಹುಡುಕಿ ತೆರೆದು ನೋಡಿದೆ. ಹೌದು, ಇತ್ತು. ಯಾವನೋ ಗುಮಾಸ್ತ ಬಾಲ್‌ಪೆನ್ನಿನಲ್ಲಿ ಗೀಚಿದ್ದ. ಸಾಲು ನೆಟ್ಟಗಿಲ್ಲ, ಒಂದಕ್ಷರ ಕಾಗೆ ಕಾಲಿನಂತೆ, ಇನ್ನೊಂದು ಗುಬ್ಬಿ ಕಾಲಿನಂತೆ. ಎಂಥ ದರಿದ್ರ ಅಕ್ಷರ ಎಂದು ಹೇಳಲು ಬಾಯಿ ತೆರೆದೆ. ಎದುರಿಗೆ ಸುವರ್ಣಾ ನಿಂತಿದ್ದಳು. ತೆರೆದ ಬಾಯಿಗೆ ಆರಿದ ಚಹಾ ಸುರಿದುಕೊಂಡೆ. ಎಷ್ಟಾದರೂ ಆ ಮಹಾರಾಯ ಆಕೆಯ ಹೆಸರನ್ನು ಬರೆದಿದ್ದ.