ಹೊಲಿಗೆಯಲ್ಲಿ ಎತ್ತಿದ ಕೈ

ನನ್ನ ಡ್ರೆಸ್ಸನ್ನು ನಾನೇ ಹೊಲಿಯುತ್ತೇನೆಂದು ದಾಂಡೇಲಿಯ ಸಂತೆಯ ದಿನ, ನಡುಬೀದಿಯಲ್ಲಿ ಘೋಷಿಸಿಬಿಟ್ಟೆ. ಮೂವತ್ತು ವರ್ಷ ಧರಣಿ ಕೂತವಳು ನಾನು. ಲಾಠಿಗೆ ಹೆದರದವಳು ಸೂಜಿಗೆ ಹೆದರುತ್ತೇನೆಯೇ!

ಇದಕ್ಕೆಲ್ಲ ಕಾರಣ ದರ್ಜಿ ಅಲ್ಲಾಸಾಬ. ಭಾನುವಾರ ನಮ್ಮ ಮಹಿಳಾ ಸಂಘದವರು ನನಗೆ ಸನ್ಮಾನ ಇಟ್ಟುಕೊಂಡಿದ್ದರು. "ಮಾಲಕ್ಕಾ, ಒಂದಿನಾರ ಸೀರಿ ಬಿಟ್ಟು ಫಿಟಿಂಗ್ ಡ್ರೆಸ್ ಹಾಕ್ಕೋ" ಎಂದು ಎರಡು ಮೀಟರ್ ಕೆಂಪು ಕೈಮಗ್ಗದ ಬಟ್ಟೆಯನ್ನೂ ಕೊಟ್ಟಿದ್ದರು. ಅಲ್ಲಾಸಾಬ ಬಟ್ಟೆ ನೋಡಿದ, ನನ್ನನ್ನು ನೋಡಿದ.

"ಅಕ್ಕಾರ, ಇನ್ನೂ ಅರ್ಧಾ ಮೀಟರ್ ಬೇಕ್ರಿ."

"ಆ ಅರ್ಧಾ ಮೀಟರ್ ಎಲ್ಲಿ ಹೋಗತೈತಿ? ನಿನ್ನ ಮೊಮ್ಮಗಳ ಫ್ರಾಕಿಗೇನು?"

"ನಿಮ್ಮ ಮೈ ಮ್ಯಾಲ ರೀ. ಅಲ್ಲೆ ಜಾಗಾ ಭಾಳ ಐತಿ."

"ಎರಡು ಮೀಟರಿನ್ಯಾಗ ಹೊಲದು ತೋರಸ್ತೇನಿ! ಆಗಲಿಲ್ಲಂದ್ರ ಇದ ಅಂಗಡಿ ಮುಂದ ನಿಂತು 'ತಪ್ಪಾತು' ಅಂತೇನಿ!"

ಸಂತೆಗೆ ಸಂತೆಯೇ ಸಾಕ್ಷಿಯಾಯಿತು.

ಪಕ್ಕದ ಮನೆಯ ಕ್ರಿಸ್ತಿನಾ ಕೇಳಿದ ಕೂಡಲೇ ಹೊಲಿಗೆ ಮಷೀನು ಕೊಟ್ಟಳು. ಕೇಳಿದ ಕೂಡಲೇ! ಏನೋ ಇದೆ ಎಂದು ಅದರ ಹೊಟ್ಟೆಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಟೇಪನ್ನು ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ವಿಚಾರಣೆ ಮಾಡಿದೆ. ಟೇಪು ನಿರ್ದೋಷಿ. ಉಳಿದವರು ಒಬ್ಬರೇ, ಅಳತೆ ತೆಗೆಯಬೇಕಾದ ನನ್ನ ಗಂಡ ಶಿವಯೋಗಿ. ಮಿಲ್ಲಿನಿಂದ ನಿವೃತ್ತರಾದ ಮೇಲೆ ದಿನಾ ಸಂಜೆ ಅವರ ಚಹಾ ಅಲ್ಲಾಸಾಬನ ಅಂಗಡಿಯಲ್ಲೇ. ಶತ್ರುವಿನ ಚಹಾ ಕುಡಿದವರನ್ನು ನಂಬುವುದು ಹೇಗೆ?

ಪೊಲೀಸರು ಧರಣಿಯ ಟೆಂಟು ಕೀಳಲು ಬಂದಾಗ ಮಾಡುತ್ತಿದ್ದುದನ್ನೇ ಮಾಡಿದೆ. ಬಲಗೈಯಲ್ಲಿ ಮೊಬೈಲು ಎತ್ತಿ ಹಿಡಿದು ವಿಡಿಯೋ ಚಾಲೂ ಮಾಡಿದೆ. ಇಂಚಿಂಚಿಗೂ ಪುರಾವೆ!

"ಕೈ ಇಳಸು" ಎಂದರು ಗಂಡ, ಟೇಪು ಹಿಡಿದು.

"ಯಾಕ? ಪುರಾವೆ ಇದ್ರ ಅಂಜಿಕಿ ಏನು?"

"ಭುಜದ ಅಳತಿ ಐತಿ. ಕೈ ಇಳಸು."

"ಅಳತಿ ಹೇಳ್ರಿ, ಭಾಷಣ ಬ್ಯಾಡ!"

ಹೇಳಿದರು. ಬರೆದುಕೊಂಡೆ. ಎರಡು ದಿನ ಮಷೀನು ತುಳಿದೆ. ಎರಡು ಮೀಟರು ಸಾಕಾಗಿ ಒಂದು ಗೇಣು ಉಳಿಯಿತು! ಕಳ್ಳ ಸಿಕ್ಕಿಬಿದ್ದ!

ಶನಿವಾರ ಬೆಳಿಗ್ಗೆ ಕೈ ಮೇಲೆತ್ತಿ ಡ್ರೆಸ್ಸಿನೊಳಗೆ ನುಗ್ಗಿದೆ. ಗಂಡ ಬೆನ್ನಿನ ಜಿಪ್ಪು ಎಳೆದರು. ಕನ್ನಡಿಯಲ್ಲಿ ನೋಡಿದರೆ ಆಹಾ, ಮೈಗೆ ಅಂಟಿಸಿದ ಹಾಗೆ! ಎಡಗೈ ಇಳಿಸಿದೆ, ಇಳಿಯಿತು. ಬಲಗೈ ಇಳಿಸಿದೆ. ಇಳಿಯಲಿಲ್ಲ! ಒತ್ತಿದರೆ ಭುಜ 'ಟರ್ರ್' ಎನ್ನುತ್ತದೆ, ಎತ್ತಿದರೆ ಸುಖವಾಗಿರುತ್ತದೆ.

"ಕ್ರಿಸ್ತಿನಾಳ ಮಷೀನಿನ್ಯಾಗ ದೋಷ ಐತಿ, ನಾ ಮೊದಲ ಅಂದಿದ್ದೆ! ಬಿಚ್ಚರಿ ಇದನ್ನ!"

ಜಿಪ್ಪು ಬಟ್ಟೆಯನ್ನು ಕಚ್ಚಿ ಕೂತಿತ್ತು. ಗಂಡ ಕತ್ತರಿ ತಂದರು.

"ಸಂಘದ ಬಟ್ಟಿ ಅದು! ಕತ್ತರಿ ಹಚ್ಚಿದ್ರ ನೋಡ್ರಿ!"

"ಹಂಗಾದ್ರ ಅಲ್ಲಾಸಾಬನ ಗತಿ."

ಕಳ್ಳಿಯಂತೆ ಹಿಂದಿನ ಓಣಿಯಿಂದ ಹೊರಟೆ, ಜೊತೆಗೆ ಗಂಡ. ಬಲಗೈ ಮಾತ್ರ ಆಕಾಶದಲ್ಲಿ. ಚಹಾದಂಗಡಿಯಲ್ಲಿ ಕೂತಿದ್ದ ಹಳೆಯ ಸಂಗಾತಿ ದುರ್ಗಪ್ಪ ಎದ್ದು ನಿಂತ.

"ಮಾಲಕ್ಕಾ! ಎಲ್ಲೈತಿ ಧರಣಿ?"

"ಎಲ್ಲೂ ಇಲ್ಲೋ ಮಾರಾಯಾ, ಚಹಾ ಕುಡಿ ನೀ."

"ತಿಳೀತು ಬಿಡು, ಗುಪ್ತ ಐತಿ!" ಎಂದವನೇ ನನ್ನ ಹಿಂದೆ ಬಂದ. ಅವನ ಹಿಂದೆ ಚಹಾದಂಗಡಿ ಬಂತು. ಅಲ್ಲಾಸಾಬನ ಬಾಗಿಲು ಮುಟ್ಟುವಷ್ಟರಲ್ಲಿ ಇಪ್ಪತ್ತು ಜನ!

ಅಲ್ಲಾಸಾಬ ಕನ್ನಡಕ ಏರಿಸಿದ. ನಾನು ಎಡಗೈಯಿಂದ ಮೊಬೈಲು ಅವನ ಮುಂದೆ ಹಿಡಿದೆ.

"ನೋಡು, ಅಳತಿ ಎಲ್ಲಾ ಬರೋಬ್ಬರಿ. ಮಷೀನಿಂದ ತಪ್ಪು!"

ವಿಡಿಯೋದಿಂದ ನನ್ನ ಗಂಡನ ದನಿ ಓಣಿಗೆಲ್ಲ ಕೇಳಿತು: "ಕೈ ಇಳಸು... ಭುಜದ ಅಳತಿ ಐತಿ. ಕೈ ಇಳಸು." ಆಮೇಲೆ ನನ್ನದು: "ಭಾಷಣ ಬ್ಯಾಡ!"

ಅಲ್ಲಾಸಾಬ ನಗಲಿಲ್ಲ. ಅದೇ ಹೆಚ್ಚು ಉರಿಯಿತು. "ಕೈ ಎತ್ತಿದ್ರ ಭುಜ ಗಿಡ್ಡ ಆಗತೈತ್ರಿ ಅಕ್ಕಾರ" ಎಂದು ಬ್ಲೇಡಿನಿಂದ ಭುಜದ ಹೊಲಿಗೆ ಬಿಡಿಸಿದ. ನಾಲ್ಕು ಬೆರಳು ಕಂಡಿ ಬಿತ್ತು, ಕೈ ಕೆಳಗೆ ಬಿತ್ತು.

"ತಪ್ಪಾತು" ಎಂದೆ, ಮೆಲ್ಲಗೆ.

"ಕೇಳಸವಲ್ದು ಅಕ್ಕಾ!" ದುರ್ಗಪ್ಪ ಹಿಂದಿನಿಂದ ಕೂಗಿದ. "ನಮ್ಮ ಬೇಡಿಕಿ ಏನು?"

ನಾನು ಬಾಯಿ ತೆರೆಯುವ ಮೊದಲೇ ಅಲ್ಲಾಸಾಬ ಹೇಳಿದ: "ಅರ್ಧಾ ಮೀಟರ್ ಬಟ್ಟಿ!"

"ಬೇಕೇ ಬೇಕು!" ಇಪ್ಪತ್ತು ಗಂಟಲು ಒಟ್ಟಿಗೆ. "ಅರ್ಧಾ ಮೀಟರ್ ಬೇಕು!"

ಮೂವತ್ತು ವರ್ಷದ ಚಟ, ಏನು ಮಾಡಲಿ? ನನ್ನ ಬಲಗೈ ತಾನಾಗಿಯೇ ಮೇಲೆದ್ದಿತ್ತು.

"ಕೈ ಇಳಸು" ಎಂದರು ಗಂಡ.

ಇಳಿಸಿದೆ.